ವಿಷವಿಲ್ಲದ ತೊಟ್ಟಿ

ಸಣ್ಣಬೀರಪ್ಪನ ಅಂಗಿಗಳಿಗೆ ತೋಳು ಇರುತ್ತಿರಲಿಲ್ಲ. ಆಸಿಡ್ ಹಾರಿ ತೂತು ಬಿದ್ದ ತೋಳುಗಳನ್ನು ಅವನೇ ಕತ್ತರಿಸಿ ಎಸೆಯುತ್ತಿದ್ದ. ಬೆರಳ ಸಂದಿಯಲ್ಲಿ ಚರ್ಮ ಸುಲಿದಿತ್ತು. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರ ಹತ್ತಿ ಜೀವ ಹೋಗುತ್ತಿತ್ತು. ಯಗಟಿಯ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ಅವನೊಬ್ಬನೇ. ಊರಿಗೆ ಹೋದಾಗ ಅವನವ್ವ ಅಂಜಿನಮ್ಮ ಆ ಕೈ ಹಿಡಿದು ನೋಡಿ, "ಇದೇನ್ ಓದಪ್ಪಾ ಇದು? ಕುರಿ ಕಾಯ್ದಿದ್ರೂ ಕೈ ನೆಟ್ಟಗಿರ್ತಿತ್ತಲ್ಲ" ಎನ್ನುತ್ತಿದ್ದಳು.

"ರೀಸರ್ಚು ಕಣವ್ವಾ. ಮುಗಿದ್ರೆ ಡಾಕ್ಟರ್ ಆಯ್ತೀನಿ."

ಆ ಮಾತನ್ನು ಅವನು ಎಪ್ಪತ್ತಾರನೇ ಇಸವಿಯಿಂದಲೂ ಹೇಳುತ್ತಾ ಬಂದಿದ್ದ.

ಅವನ ಗೈಡು ಪ್ರೊಫೆಸರ್ ಓಂಕಾರಮೂರ್ತಿ. ಕಡೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ದೊಡ್ಡ ಮನೆತನದವರು. ಅಜ್ಜಂಪುರದ ಹೊರಗೆ ಹೆಂಡತಿಯ ಹೆಸರಿನಲ್ಲಿ ಒಂದು ಪ್ಲೇಟಿಂಗ್ ಕಾರ್ಖಾನೆ ಮಾಡಿದ್ದರು. ಕಬ್ಬಿಣದ ಚಿಲಕ, ಸೈಕಲ್ಲಿನ ಬಿಡಿಭಾಗಗಳಿಗೆ ಕರೆಂಟು ಹಾಯಿಸಿ ತಾಮ್ರ ಹಿಡಿಸುವ ಕೆಲಸ ಅಲ್ಲಿ. "ನಿನ್ನ ರೀಸರ್ಚೂ ಇದೇ ತಾನೆ? ಅಲ್ಲೇ ಇದ್ಕೊಂಡು ಮಾಡು. ಕೆಲಸದೋರನ್ನೂ ನೋಡ್ಕೊಂಡಂಗಾಯ್ತು" ಎಂದು ಅವನನ್ನು ಅಲ್ಲಿಗೆ ಕಳಿಸಿದರು. ಬೀರಪ್ಪ ಬಂದ. ಶೆಡ್ಡಿನ ಮೂಲೆಯಲ್ಲಿ ಚಾಪೆ ಹಾಸಿದ.

ಸುಮ್ಮನೆ ತಾಮ್ರದ ದ್ರಾವಣಕ್ಕೆ ಕಬ್ಬಿಣ ಅದ್ದಿದರೆ ತಾಮ್ರ ಹತ್ತುತ್ತದೆ, ಆದರೆ ಉಗುರಲ್ಲಿ ಕೆರೆದರೆ ಉದುರಿ ಹೋಗುತ್ತದೆ. ತಾಮ್ರವನ್ನು ಬಿಗಿಯಾಗಿ ಹಿಡಿದಿಟ್ಟು, ಕರೆಂಟು ಎಳೆದಷ್ಟೇ ನಿಧಾನವಾಗಿ ಬಿಟ್ಟುಕೊಡುವ ವಸ್ತುವೊಂದು ಬೇಕು. ಹಾಗೆ ಹಿಡಿದುಕೊಂಡ ಜೋಡಿಗೆ ಓದಿದವರು ಲೋಹ ಸಂಕೀರ್ಣ ಎನ್ನುತ್ತಾರೆ. ಕಾರ್ಖಾನೆಗಳಲ್ಲಿ ಈ ಕೆಲಸಕ್ಕೆ ಬಳಸುತ್ತಿದ್ದದ್ದು ಸಯನೈಡ್. ಅದಕ್ಕೆ ಆಸಿಡ್ ಸೋಕಿದರೆ ಏಳುವ ಗಾಳಿಯನ್ನು ಒಂದೆರಡು ಸಲ ಉಸಿರಾಡಿದರೂ ಸಾಕು, ಮನುಷ್ಯ ಮೇಲೇಳುವುದಿಲ್ಲ. ಅದರ ಜಾಗದಲ್ಲಿ ವಿಷವಿಲ್ಲದ್ದೊಂದನ್ನು ಹುಡುಕುವುದು ಬೀರಪ್ಪನ ಹಟ. ಎಷ್ಟೋ ವಸ್ತುಗಳನ್ನು ತಾಮ್ರಕ್ಕೆ ಕಟ್ಟಿ ನೋಡಿದ. ಕೆಲವು ಬಿಡಲೇ ಇಲ್ಲ, ಕೆಲವು ಹಿಡಿಯಲೇ ಇಲ್ಲ. ಕೊನೆಗೊಂದು ಮಧ್ಯಾಹ್ನ ಕಡು ನೀಲಿ ದ್ರಾವಣದಿಂದ ಎತ್ತಿದ ಚಿಲಕ ಹೊಸ ಚೊಂಬಿನ ಹಾಗೆ ಹೊಳೆಯಿತು. ತೊಳೆಯುವ ಕೆಲಸದ ಹಾಲಮ್ಮ ಅದನ್ನು ಕಲ್ಲಿಗೆ ಉಜ್ಜಿ ಉಜ್ಜಿ ನೋಡಿದಳು.

"ಬರಾಕಿಲ್ಲ ಕಣ್ ಮೇಷ್ಟ್ರೇ! ಕಚ್ಕಂಡೈತೆ!"

ಅವಳ ಗಂಡ ಹೊನ್ನಯ್ಯ ಬೀರಪ್ಪನನ್ನು ಎತ್ತಿಕೊಂಡು ಶೆಡ್ಡಿನ ತುಂಬಾ ಓಡಾಡಿದ್ದ.

ಓಂಕಾರಮೂರ್ತಿಗಳು ಆ ಕೆಲಸವನ್ನೆಲ್ಲ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಬೀರಪ್ಪನ ಹೆಸರು ಎಲ್ಲೂ ಇರಲಿಲ್ಲ. ಕೇಳಿದ್ದಕ್ಕೆ, "ಹೆಸರಿಗ್ಯಾಕೆ ಸಾಯ್ತೀಯ? ಥೀಸಿಸ್ಸು ಮುಗೀಲಿ. ಅವಸರ ಪಟ್ರೆ ಅದೂ ಇಲ್ಲ" ಎಂದರು.

"ಹೋಗ್ಲಿ ಸಾರ್. ತೊಟ್ಟಿಗೆ ಹೊಸ ದ್ರಾವಣನಾದ್ರೂ ಹಾಕನ. ಇಲ್ದಿದ್ರೆ ಆಸಿಡ್ ತೊಟ್ಟಿಗೂ ಸಯನೈಡ್ ತೊಟ್ಟಿಗೂ ನಡುವೆ ಒಂದು ಗೋಡೆ ಕಟ್ಸಿ. ಗಚ್ಚು ನೆಲ ಜಾರ್ತದೆ."

"ನಿನ್ನ ದ್ರಾವಣ ನಿಧಾನ. ಹಳೇದು ಅಗ್ಗ. ಕುರಿಹಟ್ಟಿಯಿಂದ ಬಂದೋನು ನನಗೆ ಕಾರ್ಖಾನೆ ನಡೆಸೋದು ಹೇಳ್ಕೊಡ್ತೀಯೇನೋ?"

ಬೀರಪ್ಪ ಶೆಡ್ಡಿಗೆ ವಾಪಸ್ಸು ಹೋದ. ಥೀಸಿಸ್ಸಿಗೆ ಅವರ ರುಜು ಬೇಕಿತ್ತು.

ಗೋಡೆ ಏಳಲಿಲ್ಲ. ಎಂಬತ್ತೆರಡರ ಮಳೆಗಾಲದಲ್ಲಿ ಹೊನ್ನಯ್ಯ ಆಸಿಡ್ ಜಾಡಿ ಹೊತ್ತು ಬರುವಾಗ ಕಾಲು ಜಾರಿದ. ಜಾಡಿ ಪಕ್ಕದ ತೊಟ್ಟಿಗೆ ಬಿತ್ತು. ಬೀರಪ್ಪ ಮೂಗಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಒಳಗೆ ನುಗ್ಗಿ ಎಳೆದು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಓಂಕಾರಮೂರ್ತಿ ಸಾಹೇಬರ ಕಡೆಯ ಡಾಕ್ಟರೊಬ್ಬರು ಕಾರಿನಲ್ಲಿ ಬಂದರು. ಹೃದಯಾಘಾತ ಎಂದರು. ಕುಡಿಯುತ್ತಿದ್ದ ಎಂದೂ ಸೇರಿಸಿದರು.

"ನನ್ ಗಂಡ ಒಂದಿನಾನೂ ಹೆಂಡ ಮುಟ್ಟಿದೋನಲ್ಲ!" ಎಂದು ಹಾಲಮ್ಮ ಎದೆ ಬಡಿದುಕೊಂಡಳು.

ಓಂಕಾರಮೂರ್ತಿಗಳು ಬೀರಪ್ಪನನ್ನು ಬದಿಗೆ ಕರೆದರು. "ಪೊಲೀಸರು ಕೇಳಿದ್ರೆ ನೀನೂ ಹಾಗೇ ಹೇಳು. ಬರೋ ತಿಂಗಳು ನಿನ್ನ ಥೀಸಿಸ್ಸು ಕಳಿಸ್ತೀನಿ."

ಬೀರಪ್ಪ ಹಾಗೆ ಹೇಳಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ. ಯಾರೂ ಬರೆದುಕೊಳ್ಳಲಿಲ್ಲ. ಥೀಸಿಸ್ಸೂ ಹೋಗಲಿಲ್ಲ. ಆದರೂ ಅವನು ಕಾರ್ಖಾನೆ ಬಿಡಲಿಲ್ಲ. ಕೆಲಸದ ರಂಗಪ್ಪ, "ಇನ್ನೂ ಯಾಕ್ ಇಲ್ಲೇ ಇದೀರಿ ಮೇಷ್ಟ್ರೇ?" ಎಂದು ಕೇಳಿದಾಗ ಹಲ್ಲು ಕಚ್ಚಿಕೊಂಡು ಹೇಳಿದ: "ಆ ಸಾಹೇಬ ಮೇಲಕ್ ಹತ್ತಲಿ ಕಣೋ. ಹತ್ತಿದ್ಮೇಲೆ ಕೆಡವ್ಬೇಕು."

ಕಾಯುವುದನ್ನು ಅವನು ಕುರಿಯ ಹಿಂದೆಯೇ ಕಲಿತಿದ್ದ.

ಮರುವರ್ಷ ಸಾಹೇಬರ ಹೆಸರು ಒಂದು ದೊಡ್ಡ ಪ್ರಶಸ್ತಿಗೆ ಹೋಯಿತು. ವಿಷವಿಲ್ಲದ ಪ್ಲೇಟಿಂಗ್ ಕಂಡುಹಿಡಿದ ವಿಜ್ಞಾನಿ. ಕಾರ್ಖಾನೆ ನೋಡಲು ಅಧಿಕಾರಿಗಳು ಬರುವವರಿದ್ದರು. ಗೇಟಿಗೆ ಮಾವಿನ ತೋರಣ ಕಟ್ಟಿದರು. 'ವಿಷರಹಿತ ತಾಮ್ರ ಲೇಪನ ಘಟಕ' ಎಂಬ ಬೋರ್ಡು ಬಂತು. ತೊಟ್ಟಿಯಲ್ಲಿ ಮಾತ್ರ ಅದೇ ಹಳೆಯ ಸಯನೈಡ್.

"ತುರ್ತು ಆರ್ಡರಿದೆ, ಖಾಲಿ ಮಾಡೋಕಾಗಲ್ಲ. ನಿನ್ನ ದ್ರಾವಣ ನೀಲಿ ಅಲ್ವಾ? ಬಿಳಿ ಬಟ್ಟೆಗೆ ಹಾಕೋ ನೀಲಿ ಕಲಸಿಬಿಡು. ಅವರಿಗೇನು ಗೊತ್ತಾಗುತ್ತೆ?" ಎಂದರು ಓಂಕಾರಮೂರ್ತಿ.

"ಆಗ್ಲಿ ಸಾರ್" ಎಂದ ಬೀರಪ್ಪ.

ಅವತ್ತು ಬೆಳಿಗ್ಗೆ ಕೆಲಸದವರನ್ನೆಲ್ಲ ಕರೆದು ಹೇಳಿದ. "ನಾನು ಜಗ್ಗು ಕೈಗೆ ತಗಂಡ ತಕ್ಷಣ ಎಲ್ರೂ ಹೊರಕ್ ಹೋಗ್ಬಿಡಿ. ಬಂದೋರನ್ನೂ ಕರ್ಕಂಡ್ ಹೋಗಿ." ಹಾಲಮ್ಮ ಅವನ ಮುಖವನ್ನೇ ನೋಡಿದಳು. "ನಾನ್ ಬಾಗಲ ತಾವ ನಿಂತಿರ್ತೀನಿ" ಎಂದಳು.

ಅಧಿಕಾರಿಗಳು ಬಂದರು. ಹಾರ, ಎಳನೀರು ಆಯಿತು. ಓಂಕಾರಮೂರ್ತಿಗಳು ತೊಟ್ಟಿಯ ಪಕ್ಕ ನಿಂತು ಭಾಷಣ ಮಾಡಿದರು. "ನನ್ನ ಕೆಲಸಗಾರರ ಜೀವ ನನಗೆ ಮುಖ್ಯ. ಅದಕ್ಕೇ ಸಯನೈಡನ್ನು ಈ ಶೆಡ್ಡಿಗೇ ಸೇರಿಸಿಲ್ಲ."

ಬೀರಪ್ಪ ಆಸಿಡ್ ತೊಟ್ಟಿಯ ಹತ್ತಿರವಿದ್ದ ಪ್ಲಾಸ್ಟಿಕ್ ಜಗ್ಗು ಎತ್ತಿಕೊಂಡು ಮುಂದೆ ಬಂದ. ಕೆಲಸದವರು ಅಧಿಕಾರಿಗಳನ್ನು ಹೊರಕ್ಕೆ ಕರೆದೊಯ್ದು ಬಾಗಿಲಾಚೆ ನಿಲ್ಲಿಸಿದರು. ಬೀರಪ್ಪ ಅವರತ್ತ ಕೂಗಿದ.

"ಸ್ವಾಮಿ, ಒಂದ್ ಪರೀಕ್ಷೆ ತೋರಿಸ್ತೀನಿ, ಅಲ್ಲಿಂದ್ಲೇ ನೋಡಿ. ಇದು ಆಸಿಡ್. ವಿಷ ಇಲ್ದಿರೋ ತೊಟ್ಟಿಗೆ ಹುಯ್ದ್ರೆ ಏನೂ ಆಗಲ್ಲ. ಸಾಹೇಬ್ರೊಬ್ರೇ ನನ್ ಜೊತೇಲಿ ನಿಲ್ಲಲಿ."

"ಏನೋ ಇದು ಹುಚ್ಚಾಟ?" ಎನ್ನುತ್ತಾ ಸಾಹೇಬರು ಬಾಗಿಲಿಗೆ ಧಾವಿಸಿದರು. ಹಾಲಮ್ಮ ಅಡ್ಡ ನಿಂತಳು.

"ಎಲ್ಲಿಗ್ ಸಾಹೇಬ್ರೆ? ನನ್ ಗಂಡ ಬಿದ್ದಿದ್ ಜಾಗ ಅದೇಯ. ನಿಂತ್ಕಳ್ಳಿ."

ಬೀರಪ್ಪ ಜಗ್ಗನ್ನು ಓರೆ ಮಾಡಿದ.

"ಹುಯ್ಯಬೇಡ್ವೋ! ಬೀರಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ! ಸಯನೈಡ್ ಕಣೋ ಅದು! ಸಾಯ್ತೀವಿ!"

"ಜೋರಾಗ್ ಹೇಳಿ. ಹೊರಗಿರೋರಿಗೆ ಕೇಳಿಸ್ಬೇಕು."

"ಸಯನೈಡ್! ಸಯನೈಡ್ ಇದೆ!"

"ಹೊನ್ನಯ್ಯ ಹೆಂಗ್ ಸತ್ತ?"

"ಇದರಿಂದಲೇ... ಇದರಿಂದಲೇ ಸತ್ತ! ಬಿಡೋ ನನ್ನ!"

ಬೀರಪ್ಪ ಅವರನ್ನೇ ನೋಡುತ್ತಾ ಜಗ್ಗನ್ನು ಪೂರಾ ಬಗ್ಗಿಸಿದ. ಓಂಕಾರಮೂರ್ತಿಗಳು ಮೂಗು ಬಾಯಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಹೊರಳಾಡಿದರು. ರೇಷ್ಮೆ ಪಂಚೆ ಒದ್ದೆಯಾಯಿತು. ಏನೂ ಆಗಲಿಲ್ಲ. ತೊಟ್ಟಿಗೆ ಬಿದ್ದದ್ದು ಬಾವಿಯ ನೀರು.

ಪೊಲೀಸರು ಬಂದು ಹಿಡಿದದ್ದು ಬೀರಪ್ಪನನ್ನೇ. ಕೊಲೆ ಬೆದರಿಕೆಯ ಕೇಸು. ಜೀಪು ಹತ್ತುವಾಗ ಹಾಲಮ್ಮ ಕಂಬಿ ಹಿಡಿದುಕೊಂಡಳು. ಅವಳ ಕಣ್ಣು ಕೆಂಡವಾಗಿತ್ತು.

"ನೀರ್ ಯಾಕ್ ತಂದ್ರಿ ಮೇಷ್ಟ್ರೇ? ಆಸಿಡ್ಡೇ ತರ್ಬೇಕಿತ್ತು."

"ತಂದಿದ್ದೆ ಕಣವ್ವಾ. ನೀನು ಬಾಗಿಲಲ್ಲಿ ನಿಂತಿರ್ತೀನಿ ಅಂದ್ಯಲ್ಲ, ನಮ್ ಜೊತೆ ನೀನೂ ಸಾಯ್ತಿದ್ದೆ. ಹೋಗಿ ಚೆಲ್ಲಿ ನೀರ್ ತುಂಬ್ಕಂಡ್ ಬಂದೆ."

ಹಾಲಮ್ಮ ಕಂಬಿ ಬಿಟ್ಟಳು.

ಪ್ರಶಸ್ತಿ ಬೇರೆ ಯಾರಿಗೋ ಹೋಯಿತು. ಓಂಕಾರಮೂರ್ತಿಗಳ ಕುರ್ಚಿ ಮಾತ್ರ ಅಲುಗಲಿಲ್ಲ. ಅಂಜಿಕೆಯಲ್ಲಿ ಆಡಿದ ಮಾತು ಸಾಕ್ಷಿಯಾಗುವುದಿಲ್ಲ ಎಂದು ಅವರ ವಕೀಲರು ವಾದಿಸಿದರು. ಬೀರಪ್ಪ ತರೀಕೆರೆ ಕೋರ್ಟಿಗೆ ಅಲೆಯತೊಡಗಿದ. ಡಾಕ್ಟರ್ ಆಗುವ ಮಾತು ಅಲ್ಲಿಗೆ ಮುಗಿಯಿತು. ಅವನವ್ವ ಬೈಯಲಿಲ್ಲ. "ಹುಲಿ ಹೊಡ್ದು ಜೈಲಿಗೋದ್ರೆ ಅವಮಾನ ಏನ್ ಬಂತು?" ಎಂದಳಷ್ಟೇ.

ಅವತ್ತಿನಿಂದ ಬೀಗ ಬಿದ್ದಿದ್ದ ಕಾರ್ಖಾನೆಯನ್ನು ಮತ್ತೆ ತೆರೆಸಲು ಸಾಹೇಬರು ಯುಗಾದಿ ಕಳೆದ ಮೇಲೆ ಬಂದರು. ಹಿಂದೆ ಹೊಸ ಕೆಲಸದವರನ್ನು ತುಂಬಿಕೊಂಡ ಲಾರಿ. ಗೇಟಿನ ಮುಂದೆ ಹಳೆಯ ಕೆಲಸದವರೆಲ್ಲ ಸಾಲಾಗಿ ನಿಂತಿದ್ದರು. ರಂಗಪ್ಪ, ಅವನ ಹೆಂಡತಿ, ಜಾಮೀನಿನ ಮೇಲೆ ಬಂದಿದ್ದ ಬೀರಪ್ಪ, ನಡುವೆ ಹಾಲಮ್ಮ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಜಗ್ಗು.

ಕಾರು ದೂರದಲ್ಲೇ ನಿಂತಿತು. ಗಾಜು ಮೇಲೇರಿತು.

"ಬನ್ನಿ ಸಾಹೇಬ್ರೆ," ಹಾಲಮ್ಮ ಕೂಗಿದಳು. "ಮೊದ್ಲು ಗೋಡೆ ಕಟ್ಸಿ, ಮೇಷ್ಟ್ರ ದ್ರಾವಣ ತುಂಬ್ಸಿ, ಆಮೇಲ್ ಬಾಗ್ಲು ತೆಗೀತೀವಿ. ಹೆದರ್ಬ್ಯಾಡಿ ಬನ್ನಿ. ಬರೀ ನೀರು!"

ಲಾರಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಕೆಳಗೆ ಧುಮುಕಿ, "ಏನ್ ಗೋಡೆ ಅಕ್ಕಾ? ನಮ್ಗೇನೂ ಹೇಳಿಲ್ವಲ್ಲ?" ಎಂದು ಕೇಳುತ್ತಾ ಗೇಟಿನ ಕಡೆಗೆ ನಡೆದು ಬಂದ. ಅವನ ಹಿಂದೆ ಮಿಕ್ಕವರೂ ಇಳಿದರು.

ಕಾರು ಹಿಂದಕ್ಕೆ ಸರಿಯಿತು.