ಆಬೇದಾಳ ಕೈಪಟ್ಟಿ

"ನಿಮ್ಮ ಡಬ್ಬಿ ನೀವೇ ಒಯ್ರಿ ಟೀಚರಮ್ಮ," ಎನ್ನುತ್ತ ಆಬೇದಾಳ ಅತ್ತೆ ಆಯೆಶಾ ಸಾಬೂನಿನ ಡಬ್ಬಿಯಷ್ಟಿದ್ದ ಅದನ್ನು ಚಾಪೆಯ ಮೇಲಿಟ್ಟರು. "ಅದೂ ಕಿವುಡಾಗ್ಯದ. ನಮ್ಮ ಮನ್ಯಾಗ ಒಬ್ಬಾಕಿ ಸಾಕು."

ಭಾಲ್ಕಿಯಿಂದ ಆಗಷ್ಟೇ ಬಸ್ಸಿಳಿದು ಬಂದಿದ್ದ ನಿಸ್ಸಿ ನೀರಿನ ಲೋಟ ಪಕ್ಕಕ್ಕಿಟ್ಟಳು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅವಳಿಗೆ ರಜೆಯಲ್ಲಿ ಇಂಥವನ್ನು ಬೆಸುಗೆ ಹಾಕಿ ಕಟ್ಟುವುದು ಹವ್ಯಾಸ. ಇದನ್ನು ಮಾತ್ರ ಹವ್ಯಾಸಕ್ಕೆಂದು ಕಟ್ಟಿರಲಿಲ್ಲ. ಭಾಲ್ಕಿಯಲ್ಲಿ ಅವಳ ಪಕ್ಕದ ಮನೆಯ ಆಬೇದಾಗೆ ಚಿಕ್ಕಂದಿನ ಜ್ವರದಲ್ಲಿ ಕಿವಿ ಹೋಗಿತ್ತು. ತವರಿನ ಬಾಣಂತನ ಮುಗಿದು ಗಂಡನ ಊರು ಔರಾದಕ್ಕೆ ಹೊರಡುವ ಹೊತ್ತಿಗೆ, ಇನ್ನು ಕೂಸು ಅತ್ತೆಯ ಮಗ್ಗುಲಲ್ಲೇ ಮಲಗಬೇಕಂತೆ ಎಂದು ಅವಳು ಸನ್ನೆಯಲ್ಲಿ ಹೇಳಿ ಅತ್ತಿದ್ದಳು. ಆಗ ನಿಸ್ಸಿ ಎರಡು ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡುಗಳನ್ನು ಜೋಡಿಸಿದಳು. ತೊಟ್ಟಿಲ ಹತ್ತಿರದ ಈ ಡಬ್ಬಿಯೊಳಗಿನದು ಅಳು ಕೇಳಿದೊಡನೆ ಆಬೇದಾಳ ಮುಂಗೈ ಮೇಲಿನದು ನಡುಗಬೇಕು. ಪಟ್ಟಿಯನ್ನು ಆಬೇದಾ ತಾನೇ ರವಿಕೆಯ ತುಂಡಿನಲ್ಲಿ ಹೊಲಿದುಕೊಂಡಳು. ಕೆಲವು ದಿನ ನೋಡೋಣ ಎಂದು ಆಯೆಶಾ ಒಪ್ಪಿದ್ದರು.

"ಏನಾಯ್ತು ಹೇಳ್ರಿ ಖಾಲಾ."

"ನಿನ್ನಿ ನಾ ಹಿತ್ತಲದಾಗ ಇದ್ದೆ. ಕೂಸು ಅಳ್ತದ, ಅಳ್ತದ. ಇಕಿ ಪಡಸಾಲಿಯಾಗ ಮಷೀನ್ ಮುಂದ ಕುಂತು ಹೊಲಿಯಾಕತ್ಯಾಳ. ಪಟ್ಟಿ ಸುಮ್ಮ. ಮೊದಲೇ ನೆಗಡಿ ಆಗಿ ಅದರ ಗಂಟಲ ಕಟ್ಟ್ಯದ, ಪಾಪ."

ಗಂಟಲಿನ ಮಾತಿಗೆ ನಿಸ್ಸಿ ತಲೆಯೆತ್ತಿದಳು. ಡಬ್ಬಿಯ ಮುಚ್ಚಳ ಬಿಚ್ಚಿ, ಮೈಕಿನ ಪಕ್ಕದ ನೀಲಿ ತಿರುಪನ್ನು ನೋಡಿದಳು. ಭಾಲ್ಕಿಯಲ್ಲಿ ಅವರ ಓಣಿ ಸ್ಟೇಷನ್ನಿನ ಹಿಂದೆಯೇ ಇತ್ತು. ಒಂದೊಂದು ರೈಲಿನ ಸೀಟಿಗೂ ಪಟ್ಟಿ ನಡುಗಿ, ಆಬೇದಾ ಹೊಲಿಗೆ ಬಿಟ್ಟು ಓಡಿಬರುತ್ತಿದ್ದಳು. ಅದಕ್ಕೇ ನಿಸ್ಸಿ ತಿರುಪನ್ನು ಬಿಗಿ ಮಾಡಿ, ತೊಟ್ಟಿಲಿನ ಜೋರು ಅಳುವಿಗಷ್ಟೇ ಎಚ್ಚರಗೊಳ್ಳುವಂತೆ ಇಟ್ಟಿದ್ದಳು.

"ತಪ್ಪು ನಂದೇ ಖಾಲಾ. ರೈಲಿನ ಸೀಟಿ ಕೇಳಬಾರದಂತ ಬಿಗಿ ಮಾಡಿದ್ದೆ, ಗಂಟಲ ಕಟ್ಟಿದ ಸಣ್ಣ ಅಳು ಅದಕ್ಕ ಕೇಳಿಲ್ಲ. ನಿಮ್ಮೂರಾಗ ರೈಲೇ ಇಲ್ಲ ಅನ್ನೋದು ಮರ್ತೆ."

"ಇಲ್ಲದ ರೈಲಿಗಿ ನನ್ನ ಮೊಮ್ಮಗ ಅಳಬೇಕಾಯ್ತು ನೋಡ್ರಿ."

ನಿಸ್ಸಿ ತಿರುಪನ್ನು ಸಡಿಲಿಸತೊಡಗಿದಳು. ಆಯೆಶಾ ಅವಳ ಕೈಯನ್ನೇ ನೋಡುತ್ತಿದ್ದರು. "ಮಂದಿ ಕೂಸಿಗಂತ ಇಷ್ಟು ದೂರ ಯಾಕ ಬಂದ್ರಿ?"

"ನಮ್ಮವ್ವ ಹಾಸಿಗಿ ಹಿಡಿದಾಗ ಆಕಿ ದನಿ ಹೋಗಿತ್ರಿ. ನಾ ಕಾಲೇಜಿಗಿ ಹೋದ್ರ ಆಬೇದಾ ಬಂದು ಕುಂಡ್ರತಿದ್ಳು. ನೀರು ಬೇಕೋ, ಮಗ್ಗಲ ಬದಲಿಸಬೇಕೋ, ಕಣ್ಣು ನೋಡೇ ತಿಳ್ಕೋತಿದ್ಳು. ನನಗ ತಿಳೀತಿದ್ದಿಲ್ಲ."

ನಿಸ್ಸಿ ಮುಚ್ಚಳ ಹಾಕಿದ ಡಬ್ಬಿಯನ್ನು ಆಯೆಶಾ ಕೈಗೆತ್ತಿಕೊಂಡರು. "ಪರೀಕ್ಷಾ ಹ್ಯಾಂಗ? ಮಲಗಿದ ಕೂಸಿಗಿ ಚಿವುಟಬ್ಯಾಡ್ರಿ ಮತ್ತ," ಎಂದವರೇ ತೊಟ್ಟಿಲ ಹತ್ತಿರ ಜರುಗಿ, ಡಬ್ಬಿಗೆ ಬಾಯಿ ಹಚ್ಚಿ, ಸೆರಗು ಮರೆಮಾಡಿ, ಸಣ್ಣ ದನಿಯಲ್ಲಿ ಅತ್ತರು.

ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಆಬೇದಾ ಪಡಸಾಲೆಯಿಂದ ಓಡಿಬಂದಳು. ತೊಟ್ಟಿಲಲ್ಲಿ ನಿದ್ದೆ ಹೋದ ಮಗು, ಪಕ್ಕದಲ್ಲಿ ಅಳುತ್ತಿರುವ ಅತ್ತೆ. ದಾರ ಕೆಳಗೆ ಬೀಳುವ ಹಾಗೆ ನಕ್ಕಳು. ಆಯೆಶಾ ಸೊಸೆಯ ತೋಳಿಗೆ ಮೆಲ್ಲಗೆ ಹೊಡೆದು, ಹೋಗು, ಹೊಲಿ ಎಂದು ಕೈ ಬೀಸಿದರು.

ಚಹಾ ಕುಡಿಯುವಾಗ ಕೂಸು ನಿಜವಾಗಿಯೇ ಎದ್ದಿತು. ಅಳು ಒಡೆದ ದನಿಯಲ್ಲಿ ಎಳೆಎಳೆಯಾಗಿ ಬಂತು. ಆಯೆಶಾ ರೂಢಿಯಂತೆ ಚಾಪೆಗೆ ಕೈಯೂರಿ ಅರ್ಧ ಎದ್ದರು. ಪಡಸಾಲೆಯಲ್ಲಿ ಮಷೀನಿನ ಸದ್ದು ಇನ್ನೂ ನಡೆದೇ ಇತ್ತು.

ಮಷೀನು ನಿಂತಿತು.

ಆಯೆಶಾ ಮತ್ತೆ ಕುಳಿತರು. ಬರುವವಳಿಗೆ ದಾರಿಯಾಗುವಂತೆ ಚಾಚಿದ್ದ ಕಾಲನ್ನು ಮಡಿಚಿಕೊಂಡು, ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದರು.