ಹ್ಯಾಂಡೋವರ್ ಕೊಟ್ಟೆ, ಹೋಗೋ

ನನಗೆ ನೆನಪು ಕಲಸಿಹೋಗಿದೆಯಂತೆ, ಹೇಳಿದವನು ಯಾರು, ನಮ್ಮ ಅಳಿಯ ಮಹಾಶಯ, ಸ್ವಂತ ಮದುವೆಯ ತಾರೀಖನ್ನು ಹೆಂಡತಿಯನ್ನು ಕೇಳಿ ಬರೆದುಕೊಳ್ಳುವವನು, ಮಾವನಿಗೆ ಎಂಬತ್ತೆರಡಾಯ್ತು, ಅವರ ಮಾತು ಸೀರಿಯಸ್ಸಾಗಿ ತಗೋಬೇಡಿ ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಬರೆದಿದ್ದಾನೆ, ಅದಕ್ಕೆ ಆರು ಜನ ನಗುವ ಮುಖ ಅಂಟಿಸಿದ್ದಾರೆ, ಅಂಟಿಸಿ, ನಿಮಗೆ ಬರುವ ಕೆಲಸ ಅದೊಂದೇ — ನಾನು ದುಡಿದ ಲಾಂಡ್ರಿಯ ಬಾಯ್ಲರ್ ರೂಮಿಗೆ ಇಳಿಯಲು ಏಳು ಮೆಟ್ಟಿಲು, ನಾಲ್ಕನೆಯದು ಒಡೆದಿತ್ತು, ಒಳಗೆ ಹೋದರೆ ಸೋಪಿನ ವಾಸನೆ ನಿಂತು ಬಿಸಿ ಕಬ್ಬಿಣದ ವಾಸನೆ ಶುರು, ಇಪ್ಪತ್ತಾರು ವರ್ಷ ಅಲ್ಲಿ ಬೆಂದವನು ನಾನು, ನನಗೆ ನೆನಪಿಲ್ಲವಂತೆ. ನಾನು ಬರೆದದ್ದಾದರೂ ಏನು, ಅದು ಹಾಗಲ್ಲ ಎಂದು ಎರಡೇ ಪದ. ತಮ್ಮನ ಮಗಳು ಕೇಳಿದ್ದಳು, ಅವಳು ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಟೀಚರು, ನಾಳೆ ಹತ್ತು ಗಂಟೆಗೆ ಕ್ಲಾಸಿನಲ್ಲಿ ಹ್ಯಾಂಡ್ ಓವರ್ ಹೇಳ್ಕೊಡಬೇಕು, ನಿಜವಾಗಿ ನಡೆದದ್ದು ಯಾವುದಾದ್ರೂ ಇದ್ರೆ ಒಂದು ವಾಕ್ಯ ಕೊಡಿ ಅಂತ, ಪುಸ್ತಕದಲ್ಲಿರುವುದು ಕಳ್ಳ ಪೊಲೀಸಿಗೆ ಚೀಲ ಹ್ಯಾಂಡೋವರ್ ಮಾಡಿದನಂತೆ, ಆ ಪುಸ್ತಕ ಬರೆದ ಪುಣ್ಯಾತ್ಮ ಜನ್ಮದಲ್ಲಿ ಒಂದು ದಿನ ಶಿಫ್ಟಿಗೆ ಹೋದವನಲ್ಲ, ಅಷ್ಟರಲ್ಲಿ ಇವಳೇ ಮತ್ತೆ ಬರೆದಳು, ಬೇಡ ಬಿಡಿ, ಸಿಕ್ತು, ನಮ್ಮಪ್ಪನ ಕಥೆನೇ ಹೇಳ್ತೀನಿ, ಹ್ಯಾಂಡೋವರ್ ತಗೊಂಡು ನೀರು ನೋಡದೆ ಕೂತವರ ಕಥೆ. ಅದಕ್ಕೂ ನಗುವ ಮುಖಗಳು. ಸತ್ತ ತಮ್ಮ ಎದ್ದು ಬಂದು ಇಲ್ಲ ಅನ್ನುತ್ತಾನೆಯೇ.

ಆ ಮಾತಿಗೆ ಅರ್ಥವಿದ್ದದ್ದು ನಮ್ಮ ರೂಮಿನಲ್ಲಿ ಮಾತ್ರ. ಮ್ಯಾನೇಜರು, ಅವನನ್ನು ನಾವು ಟೈ ಎನ್ನುತ್ತಿದ್ದೆವು, ಕುತ್ತಿಗೆ ಇಲ್ಲದವನ ಮೇಲೆ ಟೈ ಒಂದೇ ಎದ್ದು ಕಾಣುತ್ತಿತ್ತು, ಅವನು ಬಾಯಿ ತೆಗೆದರೆ ಹ್ಯಾಂಡೋವರ್, ಫೈಲು ಹ್ಯಾಂಡೋವರ್ ಮಾಡಿ, ಛತ್ರಿ ಹ್ಯಾಂಡೋವರ್ ಮಾಡಿ, ಕಾಫಿ ಲೋಟವನ್ನೂ ಹ್ಯಾಂಡೋವರ್ ಮಾಡಬೇಕಿತ್ತು ಆ ಮುಂಡೇದಕ್ಕೆ. ನಮಗೆ ಹಾಗಲ್ಲ. ಬಾಯ್ಲರ್ ಪಕ್ಕದಲ್ಲಿ ನಿಂತ ಗಾಜಿನ ಕೊಳವೆ, ಒಳಗೆ ನೀರೆಷ್ಟಿದೆ ಎಂದು ತೋರಿಸುವುದು ಅದೊಂದೇ, ಅದರ ದಾರಿ ಕಟ್ಟಿಕೊಂಡರೆ ಹಳೇ ನೀರು ಹಾಗೇ ನಿಂತು ಅರ್ಧ ಇದೆ ಎಂದು ಸುಳ್ಳು ತೋರಿಸುತ್ತದೆ, ಒಳಗೆ ಹನಿಯೂ ಇರುವುದಿಲ್ಲ. ಅದಕ್ಕೇ ಶಿಫ್ಟ್ ಬದಲಾದಾಗ ಹೋಗುವವನು ಬರುವವನ ಕಣ್ಣೆದುರೇ ಕೊಳವೆಯ ಕೆಳಗಿನ ನಲ್ಲಿ ತಿರುಗಿಸಬೇಕು, ನೀರು ಪೂರ್ತಿ ಇಳಿಯಬೇಕು, ಮುಚ್ಚಿದರೆ ಬುಳಕ್ಕನೆ ಮತ್ತೆ ಏರಬೇಕು, ಆಗ ಇವನು ಹ್ಯಾಂಡೋವರ್ ಅನ್ನಬೇಕು, ಅವನು ಟೇಕೋವರ್ ಅನ್ನಬೇಕು, ಆಮೇಲೆ ರಿಜಿಸ್ಟರಿನಲ್ಲಿ ಇಬ್ಬರ ಸಹಿ. ಬೇರೆಯವರೆಲ್ಲ ಹಾಗೇ ಮಾಡುತ್ತಿದ್ದರು. ನಾವು ಅಣ್ಣತಮ್ಮ ಅಲ್ಲವೇ, ಒಂದೇ ತಟ್ಟೆಯಲ್ಲಿ ಉಂಡವರು, ನಮಗೆಂಥ ಶಾಸ್ತ್ರ, ಅವನ ಸಹಿ ನಾನು ಹಾಕುವುದು, ನನ್ನ ಸಹಿ ಅವನು, ಒಬ್ಬ ಸಹಿ ಹಾಕಿದ್ದಾನೆಂದರೆ ನಲ್ಲಿ ತಿರುಗಿಸಿ ನೋಡಿದ್ದಾನೆ ಎಂದೇ ಇನ್ನೊಬ್ಬನಿಗೆ ಲೆಕ್ಕ. ಆರು ವರ್ಷ ಹಾಗೇ ನಡೆಯಿತು, ಒಂದು ದಿನವೂ ತಪ್ಪಿರಲಿಲ್ಲ.

ಆ ದಿನ ನನಗೆ ಕೋಟಿನ ಹುಚ್ಚು. ಮರುದಿನ ದೊಡ್ಡ ಸಾಹೇಬರು ಬರುವವರಿದ್ದರು, ಹಳೇ ಕೆಲಸಗಾರರ ಜೊತೆ ಫೋಟೋ, ಮುಂದಿನ ಸಾಲಿನಲ್ಲಿ ನಾನು, ದರ್ಜಿ ಎರಡಕ್ಕೆ ಅಂಗಡಿ ಮುಚ್ಚಿ ಮಲಗಲು ಹೋಗುತ್ತಾನೆ, ಎರಡಕ್ಕೇ ತಮ್ಮ ಬರುವುದು. ಒಂದೂವರೆಗೇ ಎರಡು ಗಂಟೆ ಎಂದು ಬರೆದು ಎರಡೂ ಸಹಿ ಹಾಕಿದೆ. ನಲ್ಲಿ ತಿರುಗಿಸಿದೆನೇ — ಇಲ್ಲ, ಇಲ್ಲ ಅಂದೆನಲ್ಲ, ಎಷ್ಟು ಸಲ ಹೇಳಲಿ, ಬೆಳಗ್ಗೆಯಿಂದ ಗಾಜಿನಲ್ಲಿ ನೀರು ಅಲ್ಲಾಡದೆ ನಿಂತದ್ದನ್ನು ಈ ಕಣ್ಣಿನಲ್ಲೇ ನೋಡಿದ್ದೆ, ಬೇಯುವ ಬಾಯ್ಲರಿನ ನೀರು ನಡುಗದೆ ನಿಲ್ಲುವುದಿಲ್ಲ, ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು, ಆದರೂ ಮೆಟ್ಟಿಲೇರಿ ಬಂದೆ, ಬೇಗ ಹೊರಟುಬಂದಿದ್ದ ತಮ್ಮ ಗೇಟಿನಲ್ಲೇ ಸಿಕ್ಕ, ಊಟದ ಡಬ್ಬಿ ಕೈಯಲ್ಲಿ.

ಅಣ್ಣ, ಹ್ಯಾಂಡೋವರ್?

ಕೊಟ್ಟೆ, ಹೋಗೋ.

ಅಷ್ಟೇ ಮಾತು, ತಿರುಗಿಯೂ ನೋಡಲಿಲ್ಲ, ಕೋಟಿನ ತೋಳು ಉದ್ದವಾಗಿತ್ತು, ದರ್ಜಿಯ ಜೊತೆ ಅರ್ಧ ಗಂಟೆ ಜಗಳ ಕಾದೆ, ಬಟನ್ನು ಕರಿಯದೋ ಕಂದುಬಣ್ಣದ್ದೋ ಎಂದು, ಥೂ, ಬಟನ್ನಿನ ಬಣ್ಣಕ್ಕೆ — ಅಷ್ಟರಲ್ಲಿ ಲಾಂಡ್ರಿ ಕಡೆಯಿಂದ ಸದ್ದು, ನೀರಿಲ್ಲದೆ ಕಾದು ಬಾಯ್ಲರಿನ ಒಳಗಿನ ಕಬ್ಬಿಣದ ಕೊಳವೆ ಸಿಡಿದು ಬಿಸಿಯುಗಿ ತಮ್ಮನ ಬಲಗೈಯನ್ನು ಮೊಣಕೈವರೆಗೆ ಬೇಯಿಸಿಬಿಟ್ಟಿತ್ತು.

ಹನ್ನೊಂದನೇ ದಿನ ವಿಚಾರಣೆ, ಟೈ ಮಹಾಶಯ ಕನ್ನಡ ಮರೆತವನ ಹಾಗೆ ಇಂಗ್ಲಿಷಿನಲ್ಲಿ ಓದಿದ, ತನ್ನ ಮೈಮೇಲೆ ಬಾರದಿದ್ದರೆ ಸಾಕಾಗಿತ್ತು ಅವನಿಗೆ, ರಿಜಿಸ್ಟರು ತಿರುಗಿಸಿ ತಮ್ಮನ ಮುಂದಿಟ್ಟ, ಎರಡು ಗಂಟೆಗೆ ಟೇಕೋವರ್ ಆಗಿದೆ, ಇದು ನಿನ್ನ ಸಹಿನಾ ಅಂತ. ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ, ಸಾಕ್ಷಿ ಅಂತ, ಮೈಮೇಲೆ ಅದೇ ಕೋಟು. ಆ ಸಹಿಗೊಂದು ಬಾಲ ಇತ್ತು, ನನ್ನ ತಮ್ಮ ಜನ್ಮದಲ್ಲಿ ಸಹಿಗೆ ಬಾಲ ಎಳೆದವನಲ್ಲ, ಕುರುಡನಿಗೂ ಗೊತ್ತಾಗಬೇಕಿತ್ತು. ಅವನು ತುಂಬಾ ಹೊತ್ತು ನೋಡಿದ. ನಂದೇ ಸಾರ್ ಅಂದ. ನನ್ನ ಕಡೆ ಕಣ್ಣು ಎತ್ತಲೇ ಇಲ್ಲ. ಕೆಲಸ ಹೋಯಿತು, ನೀರು ನೋಡದವನು ಎಂಬ ಹೆಸರು ಬಂತು, ಮಗಳು ಸ್ಕೂಲಿನಲ್ಲಿ ಅದನ್ನೇ ಕೇಳುತ್ತ ಬೆಳೆದಳು, ನಾನು ಅವಳ ಫೀಸು ಕಟ್ಟಿ ದೊಡ್ಡಪ್ಪ ದೇವರಂಥವರು ಅನ್ನಿಸಿಕೊಂಡೆ, ಅದನ್ನು ಕೇಳಿ ತಮ್ಮ ತಲೆ ಆಡಿಸುತ್ತಿದ್ದ, ಸಾಯುವವರೆಗೆ ಒಂದು ಮಾತು ಎತ್ತಲಿಲ್ಲ, ಬೈದಿದ್ದರೆ ಆಗುತ್ತಿತ್ತು, ಅಳಿಯನನ್ನು ಬೈಯುತ್ತೇನೆ, ಟೈಯನ್ನು ಬೈಯುತ್ತೇನೆ, ನನ್ನನ್ನು ಬೈಯಬೇಕಾದವನು ಬೈಯದೆ ಹೋದ. ಗ್ರೂಪಿನಲ್ಲಿ ಈ ವಾಯ್ಸ್ ಮೆಸೇಜು ಕೇಳಿದವರು ಯಾರಾದರೂ ಸರಿ, ನಗುವ ಮುಖ ಆಮೇಲೆ ಅಂಟಿಸಿ, ಹತ್ತು ಗಂಟೆಯೊಳಗೆ ಅವಳಿಗೆ ತಲುಪಿಸಿ, ಕ್ಲಾಸಿನಲ್ಲಿ ಹೀಗೆ ಹೇಳಲಿ, ದೊಡ್ಡಪ್ಪ ಹ್ಯಾಂಡೋವರ್ ಕೊಡಲಿಲ್ಲ, ಅಪ್ಪನಿಗೆ ಸಿಗಲಿಲ್ಲ — ಅವತ್ತು ವಿಚಾರಣೆಯ ಕೊನೆಗೆ ಹೇಳಿಕೆಗೆ ತಮ್ಮನ ಸಹಿ ಬೇಕಲ್ಲ, ಬಲಗೈಗೆ ಪಟ್ಟಿ, ಟೈ ಇಂಕಿನ ಡಬ್ಬಿ ತಳ್ಳಿದ, ದುಂಡಗೆ ಮುತ್ತಿನಂತೆ ಬರೆಯುತ್ತಿದ್ದ ನನ್ನ ತಮ್ಮ, ಎಡಗೈ ಹೆಬ್ಬೆರಳು, ಟೈ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಒತ್ತಿದ, ಒಂದು ಸಲ, ಸರಿಯಾಗಿ ಮೂಡಲಿಲ್ಲವೆಂದು ಇನ್ನೊಂದು ಸಲ, ಮುಗಿದ ಮೇಲೆ ಒರೆಸಿಕೊಳ್ಳಲು ಬಟ್ಟೆ ಯಾರೂ ಕೊಡಲಿಲ್ಲ, ಅವನು ಅದನ್ನು ಎಲ್ಲಿಗೂ ತಾಗಿಸದೆ ಎತ್ತಿ ಹಿಡಿದುಕೊಂಡು ನಿಂತಿದ್ದ, ನೀಲಿ ಹೆಬ್ಬೆರಳು, ಎತ್ತಿ ಹಿಡಿದುಕೊಂಡು, ನೀಲಿ ಹೆಬ್ಬೆರಳು —