ಹೂ ಕಟ್ಟುತ್ತ ಘಾಟಿ ಏರಿದವಳು

ಪುಣೆಯಿಂದ ಜೇಜುರಿಗೆ ಹೋಗುವ ದಾರಿಯಲ್ಲಿ, ದಿವೆ ಘಾಟಿಯ ತಿರುವುಗಳಲ್ಲಿ, ಸ್ಟೇರಿಂಗ್ ಇಲ್ಲದ ಕಾರೊಂದು ಓಡಾಡುತ್ತಿತ್ತೆಂಬ ಕತೆಯನ್ನು ಮೂವರ ಬಾಯಲ್ಲಿ ಕೇಳಿದ್ದೇನೆ. ಹೆಚ್ಚು ವಿವರವುಳ್ಳದ್ದು ಶಿವಪ್ರಕಾಶ ಹೇಳಿದ ಪಾಠ. ಅವನು ಜೇಜುರಿ ಗುಡ್ಡದ ಮೆಟ್ಟಿಲ ಬುಡದಲ್ಲಿ ಖಂಡೋಬನ ಭಂಡಾರ, ಎಂದರೆ ಅರಿಶಿನದ ಪುಡಿ, ಮಾರುತ್ತಾನೆ. ಹಿರಿಯರು ವಿಜಯಪುರದ ಕಡೆಯವರು.

"ಕೆಂಪು ಗಾಡಿ ರೀ, ನೆಲಕ್ಕ ಹತ್ತಿದಂಗ ಇತ್ತು. ಡ್ರೈವರ್ ಕೂಡೋ ಜಾಗಾದಾಗ ಒಬ್ಬ ಹೆಣ್ಮಗಳು ಮಲ್ಲಿಗಿ ಕಟ್ಟಕೋತ ಕುಂತಿದ್ಲು. ಮುಂದ ಸ್ಟೇರಿಂಗ್ ಇಲ್ಲ, ಏನಿಲ್ಲ. ಗಾಡಿ ತಾನ ಏರಾಕತ್ತಿತ್ತು. ನಮ್ಮವ್ವ ಕೈ ಮುಗದು, ಖಂಡೋಬನ ಹೆಂಡ್ತಿ ಮ್ಹಾಳಸಾದೇವಿನ ಬಂದಾಳ ಅಂದ್ಲು."

"ನೀವು ಕಣ್ಣಾರೆ ನೋಡಿದ್ರಾ?"

"ನಾ ನೋಡಿಲ್ರಿ. ಆದ್ರ ನಮ್ಮವ್ವ ಸುಳ್ಳ ಹೇಳಾಕಿ ಅಲ್ಲ."

ಉಳಿದ ಎರಡು ಪಾಠಗಳಲ್ಲಿ ಕಾರು ಬಿಳಿಯದು. ಒಂದರಲ್ಲಿ ಹೆಂಗಸಿನ ಕಣ್ಣು ಮುಚ್ಚಿದೆ. ಮೂರರಲ್ಲೂ ಬದಲಾಗದೆ ಉಳಿದದ್ದು ಹೂವು.

ಕತೆಯ ಮೂಲ ಸಿಕ್ಕಿದ್ದು ಪುಣೆಯಲ್ಲೇ, ಹೋಟೆಲು ನಡೆಸಿ ಈಗ ವಿಶ್ರಾಂತಿಯಲ್ಲಿರುವ ಹರಿಶ್ಚಂದ್ರ ಶೆಟ್ಟರ ಮನೆಯಲ್ಲಿ. ಕಾರು ನಿಸ್ಸಾನ್ 300 ಝಡ್‌ಎಕ್ಸ್; ಮಸ್ಕತ್ತಿನ ಹೋಟೆಲೊಂದರಲ್ಲಿ ಹದಿನಾಲ್ಕು ವರ್ಷ ದುಡಿದು ಮರಳುವಾಗ ಅವರು ಹಡಗಿನಲ್ಲಿ ತಂದದ್ದು. ಆ ನಾಡಿನ ಪದ್ಧತಿಯಂತೆ ಅದರ ಸ್ಟೇರಿಂಗ್ ಎಡಕ್ಕಿತ್ತು. ಬಲಗಡೆ ಹೂ ಕಟ್ಟುತ್ತ ಕುಳಿತಿದ್ದವರು ಅವರ ಹೆಂಡತಿ ಸ್ವರ್ಣಲತಾ. ತೀರಿಕೊಂಡು ಆರು ವರ್ಷವಾಯಿತು. ಮುಂದಿನದು ಶೆಟ್ಟರೂ ಮಗಳು ಯಶ್ಮಿತಾಳೂ ಎದುರುಬದುರು ಕುಳಿತು, ಒಬ್ಬರನ್ನೊಬ್ಬರು ತಿದ್ದುತ್ತ ಹೇಳಿದ್ದು.

ಶೆಟ್ಟರ ಬಳಿ ಇನ್ನೊಂದು ಕಾರೂ ಇತ್ತು: ನೈರೋಬಿಯಿಂದ ಮರಳಿದ ವ್ಯಾಪಾರಿಯೊಬ್ಬನಿಂದ ಕೊಂಡ ಮಜ್ದಾ ಮಿಯಾಟಾ, ಕ್ಯಾನ್ವಾಸಿನ ಮಡಿಸುವ ಮಾಡಿನದು, ಸ್ಟೇರಿಂಗ್ ಬಲಕ್ಕೆ. ಎರಡನ್ನೂ ತೂಗಿ ನೋಡುವುದು ಮನೆಯ ಹಳೆಯ ಚರ್ಚೆ. ನಿಸ್ಸಾನಿನ ಕ್ಲಚ್ಚು ಭಾರ, ಮೂತಿ ಉದ್ದ. ಘಾಟಿಯಲ್ಲಿ ಮದವಿಳಿದ ಆನೆಯ ಹಾಗೆ ಯೋಚಿಸಿ ತಿರುಗುವುದು, ನೇರ ದಾರಿಯಲ್ಲಿ ಮಾತ್ರ ಸೋಲಾಪುರದವರೆಗೂ ದಣಿಯದು. ಮಜ್ದಾದ ಗೇರು ಬೆರಳ ತುದಿಗೆ ಬೀಳುವುದು. ಚಕ್ರದಡಿ ಕಡಲೆಯಷ್ಟು ಕಲ್ಲು ಸಿಕ್ಕರೂ ಅಂಗೈಗೆ ಸುದ್ದಿ ಮುಟ್ಟುವುದು. ಸಾಕುವುದರಲ್ಲೂ ಹೀಗೆಯೇ. ಮಜ್ದಾದ ಬಿಡಿಭಾಗ ಹತ್ತು ದಿನಕ್ಕೆ ಕೊರಿಯರಿನಲ್ಲಿ ಬರುತ್ತಿತ್ತು, ಮಳೆಗಾಲಕ್ಕೆ ಸೀಟಿನಡಿ ಒಂದು ಟವೆಲ್ ಇಟ್ಟರಾಯಿತು. ನಿಸ್ಸಾನಿನ ಹಿಂದಿನ ಪ್ಲಗ್ಗುಗಳಿಗೆ ಕೈ ತಲುಪಲು ಮೆಕ್ಯಾನಿಕ್ಕಿಗೆ ಅರ್ಧ ದಿನ. ಅದರ ಬಾಗಿಲಿನ ರಬ್ಬರು ಸಿಗದೆ ಕೊನೆಗೆ ಹೋಟೆಲಿನ ಹಳೆಯ ಫ್ರಿಜ್ಜಿನಿಂದ ಕತ್ತರಿಸಿ ಅಂಟಿಸಿದ್ದರು.

ಶೆಟ್ಟರ ಜೀವ ಮಜ್ದಾದ ಮೇಲೆಯೇ. ಸ್ವರ್ಣಲತಾ ಅದನ್ನು "ನನ್ನ ಸವತಿ" ಎನ್ನುತ್ತಿದ್ದರು.

"ಅದರಲ್ಲಿ ಕೂತ್ರೆ ನಂಗೆ ಏನು ಕೆಲಸ ಉಂಟು?" ಎಂದು ಕೇಳುತ್ತಿದ್ದರಂತೆ. ಗಾಳಿಗೆ ಕೂದಲು ಕೆದರುವ ಸಿಟ್ಟು ಎಂದು ಶೆಟ್ಟರು ತಿಳಿದಿದ್ದರು.

ಕಳೆದ ವರ್ಷ ಶೆಟ್ಟರಿಗೆ ಗ್ಲಾಕೋಮಾ ಎಂದು ತಿಳಿಯಿತು. ನೇರ ಎದುರಿನದು ಸ್ಪಷ್ಟ, ಅಕ್ಕಪಕ್ಕದ್ದು ಕತ್ತಲೆ. ಇನ್ನು ಗಾಡಿ ಓಡಿಸುವಂತಿಲ್ಲ ಎಂದರು ವೈದ್ಯರು. ಅದೇ ಸಮಯಕ್ಕೆ ವಾಸದ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವುದೆಂದಾಯಿತು. ಹೊಸದರಲ್ಲಿ ಮನೆಗೊಂದೇ ಕಾರಿನ ಜಾಗ. ಎರಡರಲ್ಲಿ ಒಂದು ಹೋಗಲೇಬೇಕು. ಉಳಿಯುವುದು ಮಜ್ದಾ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ನಿಸ್ಸಾನನ್ನು ಪುಣೆಯ ಮಗರಪಟ್ಟಾದಲ್ಲಿ ಕೆಲಸದಲ್ಲಿರುವ, ಹಳೆಯ ಕಾರುಗಳ ಹುಚ್ಚಿನ ಮೈಸೂರಿನ ಹುಡುಗ ಶಮಂತ್‌ಗೆ ಕೊಡುವುದೆಂದು ಮಾತಾಯಿತು.

ಕೊಡುವ ಮೊದಲು ಎರಡರಲ್ಲೂ ಒಮ್ಮೆ ಘಾಟಿ ಏರಬೇಕೆಂದು ಶೆಟ್ಟರು ಬಯಸಿದರು. ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಯಶ್ಮಿತಾ ಮಜ್ದಾ ಓಡಿಸಿದಳು, ತಂದೆ ಎಡಕ್ಕೆ ಕುಳಿತರು. ಶಮಂತ್ ನಿಸ್ಸಾನನ್ನು ತಂದು ಘಾಟಿಯ ಬುಡದ ಚಹಾದಂಗಡಿಯಲ್ಲಿ ಕಾದಿದ್ದ. ಇಳಿದು ಬಂದವರನ್ನು ಕಂಡೊಡನೆ ಎದ್ದ.

"ಹೇಗಿತ್ತು ಅಂಕಲ್? ಫೀಲ್ ಬೇರೆ ಲೆವೆಲ್ ಅಲ್ವಾ?"

"ಅವಳನ್ನು ಕೇಳು ಮಾರಾಯ. ನಾನು ಬಸ್ಸಿನಲ್ಲಿ ಬಂದ ಹಾಗೆ ಬಂದೆ."

ದಾರಿಯುದ್ದಕ್ಕೂ ಅವರ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತೆಂದು ಯಶ್ಮಿತಾ ಹೇಳುತ್ತಾಳೆ. ಶೆಟ್ಟರು ಅಲ್ಲವೆನ್ನುವುದಿಲ್ಲ. ಮಜ್ದಾದ ಸುಖವೆಲ್ಲ ಹಿಡಿದವನ ಅಂಗೈಗೆ. ಪಕ್ಕದ ಸೀಟಿಗೆ ಅದರಲ್ಲಿ ಒಂದು ಚೂರೂ ಹಂಚಿಕೆಯಾಗುವುದಿಲ್ಲ.

ಅನಂತರ ನಿಸ್ಸಾನ್. ಯಶ್ಮಿತಾ ಎಡಕ್ಕೆ, ತಂದೆ ಬಲಕ್ಕೆ. ಘಾಟಿಯ ಮೇಲಿನ ನೇರ ದಾರಿಯಲ್ಲಿ ಕಬ್ಬಿನ ಲಾರಿಯೊಂದು ಸಿಕ್ಕಿತು. ಎಡಕ್ಕೆ ಕುಳಿತು ಓಡಿಸುವವರಿಗೆ ನಮ್ಮ ರಸ್ತೆಯಲ್ಲಿ ಲಾರಿಯ ಬೆನ್ನು ಬಿಟ್ಟು ಬೇರೇನೂ ಕಾಣಿಸದು.

"ಅಪ್ಪ, ನಂಗೆ ಕಾಣುದಿಲ್ಲ. ಎದುರು ಗಾಡಿ ಉಂಟಾ?"

ಮಡಿಲು ನೋಡುತ್ತಿದ್ದ ಶೆಟ್ಟರು ತಲೆಯೆತ್ತಿದರು. ಲಾರಿಯ ಬಲಬದಿಯಿಂದ ದೂರದವರೆಗೆ ರಸ್ತೆ ಕಾಣುತ್ತಿತ್ತು.

"ಬೇಡ." ಕೆಂಪು ಬಸ್ಸೊಂದು ಹಾದುಹೋಯಿತು.

"ಈಗ?"

"ಬೇಡ ಹೇಳಿದೆನಲ್ಲ, ಬೈಕ್ ಉಂಟು. ಹಾಂ, ಹೋಗು. ಈಗ ಹೋಗು!"

ಅವಳು ಮೂರನೇ ಗೇರಿಗಿಳಿಸಿದಳು. ನಿಸ್ಸಾನ್ ಒಂದು ಉಸಿರು ತಡೆದು, ಆಮೇಲೆ ಲಾರಿಯನ್ನು ಸಲೀಸಾಗಿ ಹಿಂದಿಕ್ಕಿತು. ಶೆಟ್ಟರ ಕಾಲು ಬ್ರೇಕು ಹುಡುಕಲಿಲ್ಲ.

"ಅಮ್ಮ ಹೀಗೇ ಹೇಳ್ತಿದ್ದದ್ದು," ಎಂದಳು ಯಶ್ಮಿತಾ.

"ಹೌದು ಮಾರಾಯ್ತಿ. ಹೂವಿನಿಂದ ತಲೆ ಎತ್ತಿ 'ಹೋಗಿ', 'ಬೇಡ' ಹೇಳುದು. ಅಷ್ಟೇ. ಅರ್ಧ ಗಾಡಿ ಓಡಿಸಿದ್ದು ಅವಳು. ನಾನು ಹೋಟೆಲಿನ ಗಲ್ಲೆಯಲ್ಲಿ ಕೂತು ಗಿರಾಕಿಗಳ ಎದುರು ನನ್ನ ಡ್ರೈವಿಂಗ್, ನನ್ನ ಡ್ರೈವಿಂಗ್ ಅಂತ ಕೊಚ್ಚಿಕೊಂಡೆ."

ಇದನ್ನು ಅವರು ಮುಂದಿನ ಊರು ಸಾಸವಡದ ನಾಕಾದಲ್ಲಿ ಹೇಳಿದರೆಂದು ಮಗಳು, ಮೊದಲೇ ಹೇಳಿದೆನೆಂದು ತಂದೆ. ಎರಡನ್ನೂ ಬರೆದುಕೊಂಡಿದ್ದೇನೆ.

ಚಹಾದಂಗಡಿಗೆ ಮರಳಿ ಶೆಟ್ಟರು ಕೇಳಿದರು: "ಶಮಂತ, ನಿಂಗೆ ಮಜ್ದಾ ಆಗ್ತದಾ?"

"ಅಂಕಲ್! ಅದು ನಿಮ್ಮ ಫೇವರಿಟ್. ಮತ್ತೆ ನಾನು ಮೂರು ತಿಂಗಳಿಂದ ಈ ಗಾಡಿ ಮ್ಯಾನ್ಯುಅಲ್ ಓದ್ತಾ ಇದೀನಿ."

"ಓದಿದ್ದು ಹಾಳಾಗುದಿಲ್ಲ, ಇದರ ಪ್ಲಗ್ ಬದಲಿಸುವ ದಿನ ಬಾ. ಮಜ್ದಾ ಓಡಿಸುವವನ ಗಾಡಿ. ನೀನು ಓಡಿಸುವವ." ಕೀಲಿಯನ್ನು ಅವನ ಅಂಗೈಗಿಟ್ಟು, ಬೆರಳುಗಳನ್ನು ತಾವೇ ಮಡಿಸಿದರು. ಮಜ್ದಾ ತಿರುವಿನಲ್ಲಿ ಮರೆಯಾಗುವವರೆಗೆ ಅದರ ಗೇರಿನ ಸದ್ದನ್ನು ಎಣಿಸುತ್ತ ನಿಂತಿದ್ದರಂತೆ.

ಮೂಲ ಸಿಕ್ಕಿತೆಂದು ಹೇಳಲು ನಾನು ಜೇಜುರಿಗೆ ಹೋದೆ. ಶಿವಪ್ರಕಾಶ ಭಂಡಾರದ ಪೊಟ್ಟಣ ಕಟ್ಟುತ್ತಲೇ ಪೂರ್ತಿ ಕೇಳಿದ.

"ಇರಬಹುದ್ರಿ. ಆದ್ರ ಈಗ ಆ ಜಾಗಾದಾಗ ಒಬ್ಬ ಮುದುಕ ಕುಂತಿರ್ತಾನಂತಲ್ಲ? ಹೋದ ಸೋಮವತಿ ಅಮಾಸಿಗೆ ಮಂದಿ ನೋಡ್ಯಾರ. ಕೈ ಕಟಗೊಂಡು ಕುಂತು, ಹೋಗು, ಬ್ಯಾಡ, ಅಂತ ಗಾಡಿಗೆ ಹೇಳ್ತಾನಂತ. ಗಾಡಿ ಭಾಳ ಶಾಣೆ ಅದ, ಕೇಳ್ತದಂತ."

"ಹೂವು?"

"ಅದ ರೀ. ಗಾಜಿನ ಮುಂದ ಒಂದು ಮಾರು ಮಲ್ಲಿಗಿ ಇತ್ತಂತ. ಕಟ್ಟಿದ್ದು ಯಾರಂತ ಯಾರಿಗೂ ಗೊತ್ತಿಲ್ಲ."